‘ವ್ರತ ಮುರಿದಿದ್ದಕ್ಕೆ ಅವರು ಹೋದರೇ?’

ಪ್ರಶ್ನೆ: ನನಗೆ 41 ವರ್ಷ, ಹಾವೇರಿ ಜಿಲ್ಲೆಯವಳು. ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. 14 ತಿಂಗಳ ಹಿಂದೆ ನನ್ನ ಯಜಮಾನರು ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡರು. ಗೊತ್ತಾದಾಗಲೇ ಅದು ಲಿವರಿಗೆ ಹರಡಿತ್ತು. ಅವರು ಉಳಿಯಲಿ ಎಂದು 16 ಸೋಮವಾರದ ವ್ರತ ಹಿಡಿದಿದ್ದೆ. 11ನೇ ಸೋಮವಾರ ಬೆಳಗಿನ ಜಾವ ಅವರಿಗೆ ರಕ್ತವಾಂತಿಯಾಗಿ ಆಸ್ಪತ್ರೆಗೆ ಓಡಿದೆವು. ನನಗೂ ತಲೆ ಸುತ್ತಿ ಬಂದು ಕ್ಯಾಂಟೀನಿನಲ್ಲಿ ಎರಡು ಇಡ್ಲಿ ತಿಂದು ಚಹಾ ಕುಡಿದೆ. ಆಮೇಲೆ ಅವರು ಒಂದು ತಿಂಗಳೂ ಉಳಿಯಲಿಲ್ಲ. ಈ ವಿಷಯ ಇಂದಿಗೂ ಯಾರಿಗೂ ಹೇಳಿಲ್ಲ. ನನ್ನ ಕಾಲ್ಗುಣವೇ ಸರಿಯಿಲ್ಲ ಅಂತಾರೆ ಅತ್ತೆ. ದಿನಾ ದೇವರ ಜಗಲಿಯ ಮುಂದೆ ದೀಪ ಹಚ್ಚುತ್ತೇನೆ, ಆದರೆ ಕೈ ಮುಗಿಯಲು ಮನಸ್ಸು ಬರುವುದಿಲ್ಲ, ಸಿಟ್ಟು ಬರುತ್ತದೆ. ‘ದೇವರು ಪರೀಕ್ಷೆ ಮಾಡುತ್ತಿದ್ದಾನೆ, ಕಷ್ಟದಿಂದಲೇ ಮನುಷ್ಯ ಗಟ್ಟಿಯಾಗೋದು’ ಎಂದು ಎಲ್ಲರೂ ಹೇಳುತ್ತಾರೆ. ನಾನು ಗಟ್ಟಿಯಾಗಿಲ್ಲ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. 9 ಕೆಜಿ ಇಳಿದಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರು. ಸತ್ಸಂಗದಲ್ಲಿ ಒಬ್ಬರು, ಮಾತ್ರೆ ಬಿಟ್ಟು ಧ್ಯಾನಕ್ಕೆ ಕೂರಿ ಎಂದರು, ಎರಡೇ ವಾರಕ್ಕೆ ಬಿಟ್ಟೆ. ದೋಷ ಪರಿಹಾರಕ್ಕೆ ಶಾಂತಿ ಮಾಡಿಸಬೇಕು, 60,000 ರೂಪಾಯಿ ಖರ್ಚಾಗುತ್ತದೆ ಎಂದು ಜ್ಯೋತಿಷಿ ಹೇಳಿದ್ದಾರೆ. ಮಗ ಪಿಯುಸಿ ಓದುತ್ತಿದ್ದಾನೆ. ನನ್ನ ಭಕ್ತಿಯೇ ಸುಳ್ಳಾಗಿತ್ತೇ? ನಾನು ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಏಳೆಂಟು ಪ್ರಶ್ನೆಗಳಿವೆ. ಆದರೆ ರಾತ್ರಿ ಮೂರು ಗಂಟೆಗೆ ನಿಮ್ಮನ್ನು ಎಬ್ಬಿಸುವುದು ಅವುಗಳಲ್ಲಿ ಒಂದೇ, ಆ ಎರಡು ಇಡ್ಲಿ. ಅದಕ್ಕೆ ಮೊದಲು ನೇರವಾಗಿ ಉತ್ತರ ಹೇಳುತ್ತೇನೆ. ಇಲ್ಲ. ನಿಮ್ಮ ಯಜಮಾನರು ತೀರಿಕೊಂಡಿದ್ದು ನೀವು ವ್ರತ ಮುರಿದಿದ್ದಕ್ಕಲ್ಲ.

ನೀವೇ ಬರೆದಿರುವುದನ್ನು ಇನ್ನೊಮ್ಮೆ ಓದಿ ನೋಡಿ. ರಕ್ತವಾಂತಿ ಆಗಿದ್ದು ಬೆಳಗಿನ ಜಾವ. ನೀವು ಕ್ಯಾಂಟೀನಿಗೆ ಹೋಗಿದ್ದು ಅದಾದ ಮೇಲೆ, ಅವರನ್ನು ದಾಖಲಿಸಿದ ಮೇಲೆ. ಅಂದರೆ ವ್ರತ ಇನ್ನೂ ಮುರಿಯದೇ ಇದ್ದಾಗಲೇ ಕಾಯಿಲೆ ಆ ಹಂತ ಮುಟ್ಟಿತ್ತು. 14 ತಿಂಗಳಿಂದ ನಿಮ್ಮ ಮನಸ್ಸು ಈ ಎರಡರ ಕ್ರಮವನ್ನೇ ಹಿಂದುಮುಂದು ಮಾಡಿ ನಿಮಗೆ ತೋರಿಸುತ್ತಿದೆ.

ಅನ್ನನಾಳದ ಕ್ಯಾನ್ಸರ್ ಹೇಗೆ ಬೆಳೆಯುತ್ತದೆ ಎನ್ನುವುದನ್ನೂ ನೀವು ತಿಳಿದಿರಬೇಕು. ಆಸ್ಪತ್ರೆಯ ಗಡಿಬಿಡಿಯಲ್ಲಿ ಇದನ್ನು ಕೂತು ವಿವರಿಸುವವರು ಕಡಿಮೆ. ಅನ್ನನಾಳ ಹಿಗ್ಗುವ ಕೊಳವೆ. ಒಳಗೆ ಗಡ್ಡೆ ಬೆಳೆಯುತ್ತಿದ್ದರೂ ಕೊಳವೆ ಸಾಕಷ್ಟು ಕಿರಿದಾಗುವವರೆಗೆ ನುಂಗಲು ತೊಂದರೆ ಆಗುವುದಿಲ್ಲ. ಮೊದಲು ರೊಟ್ಟಿ ಇಳಿಯುವುದಿಲ್ಲ, ಮನೆಯವರು ಗ್ಯಾಸ್ಟ್ರಿಕ್ ಅಂದುಕೊಳ್ಳುತ್ತಾರೆ. ಆಮೇಲೆ ಅನ್ನ, ಕೊನೆಗೆ ಗಂಜಿ. ವೈದ್ಯರ ಹತ್ತಿರ ಬರುವ ಹೊತ್ತಿಗೆ ಎಷ್ಟೋ ಜನರಲ್ಲಿ ಕಾಯಿಲೆ ಮುಂದುವರಿದಿರುತ್ತದೆ. ಜೀವಕೋಶಗಳಲ್ಲಿ ಬದಲಾವಣೆ ಶುರುವಾಗುವುದು ಅದಕ್ಕೂ ವರ್ಷಗಳ ಹಿಂದೆ. ಲಿವರಿಗೆ ಹರಡಿದ ಮೇಲೆ ಚಿಕಿತ್ಸೆಯ ಗುರಿ ನೋವು ಕಡಿಮೆ ಮಾಡುವುದು, ನುಂಗಲು ದಾರಿ ಮಾಡಿಕೊಡುವುದು, ಸಾಧ್ಯವಾದಷ್ಟು ದಿನ ಕೂಡಿಸುವುದು. ಪೂರ್ತಿ ಗುಣ ಎನ್ನುವುದು ಆ ಹಂತದಲ್ಲಿ ವೈದ್ಯರ ಕೈಯಲ್ಲೂ ಇರಲಿಲ್ಲ. ನೀವು ಮೊದಲ ಸೋಮವಾರದ ಉಪವಾಸ ಹಿಡಿದ ದಿನವೇ ಪರಿಸ್ಥಿತಿ ಹಾಗಿತ್ತು.

ವ್ರತದ ಮಾತಿಗೆ ಬಂದರೆ, 16 ಸೋಮವಾರ ಮಾಡುವ ಹೆಂಗಸರು ತಿಂಗಳ ಮುಟ್ಟಿನಲ್ಲಿ ಒಂದು ವಾರ ತಪ್ಪಿದರೆ ಏನು ಮಾಡುತ್ತಾರೆ? ಆ ವಾರ ಬಿಟ್ಟು ಮುಂದಿನ ಸೋಮವಾರದಿಂದ ಲೆಕ್ಕ ಮುಂದುವರಿಸುತ್ತಾರೆ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ, ಕೈಲಾಗದವರಿಗೆ ಉಪವಾಸ ಬೇಡ ಎಂದು ನಮ್ಮ ಹಿರಿಯರೇ ಹೇಳುತ್ತ ಬಂದಿದ್ದಾರೆ. ಇಡೀ ರಾತ್ರಿ ಎಚ್ಚರವಿದ್ದು, ತಲೆ ಸುತ್ತುತ್ತಿದ್ದ ಹೆಂಗಸು ಎರಡು ಇಡ್ಲಿ ತಿಂದಳು ಎಂದು ಒಬ್ಬ ಮನುಷ್ಯನ ಪ್ರಾಣ ತೆಗೆಯುವ ದೇವರನ್ನು ನಿಮ್ಮ ಮನೆಯಲ್ಲಿ ಯಾರಾದರೂ ಪೂಜಿಸುತ್ತಾರೆಯೇ? ಅಂಥ ದೇವರನ್ನು ನೀವೂ ಪೂಜಿಸಿದವರಲ್ಲ.

ಇಷ್ಟು ಹೇಳಿದರೂ ತಪ್ಪಿತಸ್ಥ ಭಾವ ನಾಳೆಯೇ ಹೋಗುವುದಿಲ್ಲ. ಅದಕ್ಕೆ ಕಾರಣವಿದೆ. ಮನೋವೈದ್ಯೆಯಾಗಿ ಕ್ಯಾನ್ಸರ್ ರೋಗಿಗಳ ಮನೆಯವರ ಜೊತೆ ಬಹಳ ಕಾಲ ಕೆಲಸ ಮಾಡಿದ್ದೇನೆ. ತನ್ನದೇ ಒಂದು ‘ಇಡ್ಲಿ’ ಇಲ್ಲದ ಕುಟುಂಬವನ್ನು ನಾನು ಕಂಡಿದ್ದು ಅಪರೂಪ. ‘ಮುಂಬೈಗೆ ಕರೆದುಕೊಂಡು ಹೋಗಬೇಕಿತ್ತು’ ಎನ್ನುತ್ತಾನೆ ಒಬ್ಬ ಮಗ. ‘ಮೂಲೆ ನೋಡದೆ ಬೋರ್‌ವೆಲ್ ಕೊರೆಸಿದ್ದೇ ತಪ್ಪಾಯಿತು’ ಎನ್ನುತ್ತಾರೆ ಒಬ್ಬ ತಂದೆ. ಗಂಡನ ಮೇಲೆ ರೇಗಿದ್ದ ಒಂದು ಸಂಜೆಯನ್ನು ಹಿಡಿದುಕೊಂಡು ಕೂತ ಹೆಂಡತಿ ಇದ್ದಾಳೆ. ‘ಯಾರ ಕೈಯಲ್ಲೂ ಏನೂ ಇರಲಿಲ್ಲ’ ಎಂದು ಒಪ್ಪಿಕೊಳ್ಳುವುದು ಮನುಷ್ಯನಿಗೆ ತೀರಾ ಕಷ್ಟ. ಅದಕ್ಕಿಂತ ‘ನನ್ನ ತಪ್ಪು’ ಎನ್ನುವುದೇ ಸಹಿಸಲು ಸುಲಭ, ಏಕೆಂದರೆ ತಪ್ಪು ನನ್ನದಾಗಿದ್ದರೆ ತಡೆಯುವ ಶಕ್ತಿಯೂ ನನಗಿತ್ತು ಎಂದಾಗುತ್ತದೆ. ನಿಮ್ಮನ್ನು ನೀವು ದೂರಿಕೊಳ್ಳುತ್ತಿರುವುದು ಅವರನ್ನು ಉಳಿಸಿಕೊಳ್ಳುವ ಆಸೆ ನಿಮ್ಮಲ್ಲಿ ಇನ್ನೂ ಆರಿಲ್ಲದ್ದರಿಂದ.

ನಿಮ್ಮ ಅತ್ತೆಯವರೂ ಮಗನನ್ನು ಕಳೆದುಕೊಂಡ ತಾಯಿ. ಅವರೂ ಕಾರಣ ಹುಡುಕುತ್ತಿದ್ದಾರೆ, ಅವರ ಬೆರಳು ನಿಮ್ಮ ಕಡೆ ತಿರುಗಿದೆ. ಹಾಗೆಂದು ಅವರ ಮಾತು ಸರಿಯಾಗುವುದಿಲ್ಲ. ಕಾಲ್ಗುಣ ಎನ್ನುವ ಮಾತಿಗೆ ಯಾವ ಆಧಾರವೂ ಇಲ್ಲ, ಮತ್ತು ಅದು ಯಾವಾಗಲೂ ಸೊಸೆಯ ಕಾಲಿಗೇ ಅಂಟಿಕೊಳ್ಳುತ್ತದೆ. ಅಳಿಯನ ಕಾಲ್ಗುಣದಿಂದ ಹೆಂಡತಿ ಸತ್ತಳು ಎಂದು ಯಾರಾದರೂ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅತ್ತೆಯ ಜೊತೆ ವಾದಕ್ಕೆ ನಿಲ್ಲುವ ಶಕ್ತಿ ಈಗ ನಿಮಗಿಲ್ಲ, ನಿಲ್ಲಲೂ ಬೇಡಿ. ಮನೆಯಲ್ಲಿ ನಿಮ್ಮ ಪರ ಇರುವ ಒಬ್ಬರು, ಮೈದುನರೋ ನಿಮ್ಮ ಅಣ್ಣನೋ, ‘ಆ ಮಾತು ಇನ್ನು ಸಾಕು’ ಎಂದು ಒಮ್ಮೆ ಹೇಳಲಿ.

ಈಗ ಸಿಟ್ಟಿನ ವಿಷಯ. ದೇವರ ಮೇಲೆ ಸಿಟ್ಟು ಬಂದರೆ ಭಕ್ತಿ ಸತ್ತಿತು ಎಂದು ನೀವು ಅಂದುಕೊಂಡಿದ್ದೀರಿ. ನನಗೆ ಹಾಗೆ ಕಾಣುವುದಿಲ್ಲ. ದೇವರೇ ಇಲ್ಲ ಎಂದುಕೊಂಡವರಿಗೆ ದೇವರ ಮೇಲೆ ಸಿಟ್ಟು ಬರುವುದಿಲ್ಲ. ನೂರು ಮಕ್ಕಳನ್ನು ಕಳೆದುಕೊಂಡ ಗಾಂಧಾರಿ ಕೃಷ್ಣನನ್ನೇ ಎದುರಿಗೆ ನಿಲ್ಲಿಸಿಕೊಂಡು ಶಪಿಸಿದಳು, ಕೃಷ್ಣ ಆ ಶಾಪವನ್ನು ಒಪ್ಪಿಕೊಂಡ. ನಮ್ಮ ಹರಿದಾಸರಲ್ಲಿ ನಿಂದಾಸ್ತುತಿ ಎಂಬ ಒಂದು ಪದ್ಧತಿಯೇ ಇದೆ, ದೇವರನ್ನು ಹೀಗಳೆದು, ಜಗಳವಾಡಿ, ಲೆಕ್ಕ ಕೇಳಿ ಹಾಡುವುದು. ಅದನ್ನು ಭಜನೆಗಳಲ್ಲಿ ಇಂದಿಗೂ ಹಾಡುತ್ತಾರೆ. ಕ್ರೈಸ್ತರಲ್ಲಿ ಯೇಸು ಶಿಲುಬೆಯ ಮೇಲೆ ‘ನನ್ನ ಕೈ ಬಿಟ್ಟೆಯೇಕೆ’ ಎಂದು ದೇವರನ್ನು ಕೇಳಿದ್ದನ್ನು ಪ್ರತಿ ಶುಭ ಶುಕ್ರವಾರ ನೆನೆಯುತ್ತಾರೆ. ದುಃಖದಲ್ಲಿ ದೇವರನ್ನು ಪ್ರಶ್ನಿಸುವುದು ಧರ್ಮಗಳಿಗೆ ಹೊಸದಲ್ಲ. ಅಕ್ಕಪಕ್ಕದವರಿಗೆ ಅದನ್ನು ಕೇಳಿಸಿಕೊಳ್ಳುವ ಧೈರ್ಯ ಸಾಲುತ್ತಿಲ್ಲ, ಅಷ್ಟೆ.

ಆದರೂ ಈ ಸಿಟ್ಟನ್ನು ಹಗುರವಾಗಿ ತೆಗೆದುಕೊಳ್ಳಲು ನಾನು ಸಿದ್ಧಳಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದ 596 ಹಿರಿಯ ರೋಗಿಗಳನ್ನು ಎರಡು ವರ್ಷ ಗಮನಿಸಿದ ಅಧ್ಯಯನ ಅದು. ‘ದೇವರು ನನ್ನನ್ನು ಕೈಬಿಟ್ಟ’, ‘ದೇವರಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂಬಂಥ ನೋವಿನಲ್ಲಿದ್ದವರಿಗೆ ಸಾವಿನ ಅಪಾಯ ಸ್ವಲ್ಪ ಹೆಚ್ಚಿತ್ತು. ಅವರೆಲ್ಲ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ವಯಸ್ಸಾದವರು, ಆದ್ದರಿಂದ ಈ ಫಲಿತಾಂಶವನ್ನು ನಿಮ್ಮ ಮೇಲೆ ಹಾಕಿಕೊಂಡು ಹೆದರಬೇಡಿ. ಅದೇ ರೋಗಿಗಳ ಮುಂದಿನ ವಿಶ್ಲೇಷಣೆಯಲ್ಲಿ, ಈ ತೊಳಲಾಟ ಬಂದು ಹೋದವರಿಗಿಂತ ಅದು ಎರಡು ವರ್ಷವೂ ಹಾಗೇ ಉಳಿದುಕೊಂಡವರ ಸ್ಥಿತಿ ಹೆಚ್ಚು ಕೆಟ್ಟದಾಗಿತ್ತು. ನಾನು ಕಂಡಿದ್ದೂ ಇದನ್ನೇ. ಬಾಯಿಬಿಟ್ಟು ಆಡಿದ ಸಿಟ್ಟು ಒಂದು ದಾರಿ ಹಿಡಿಯುತ್ತದೆ, ನುಂಗಿಕೊಂಡಿದ್ದು ಮೈಯನ್ನೇ ತಿನ್ನುತ್ತದೆ. ಯಾರಿಗೂ ಹೇಳದ ಆ ವಿಷಯವನ್ನು ನೀವು ಈ ಪತ್ರದಲ್ಲಿ ಬರೆದಿರಿ. ಇನ್ನು ಒಬ್ಬ ಮನುಷ್ಯರ ಎದುರಿಗೆ ಕೂತು ಹೇಳಬೇಕು.

ಹಾಗಾದರೆ ಕೈ ಮುಗಿಯಲು ಮನಸ್ಸು ಬರದಿದ್ದರೆ? ಮುಗಿಯಬೇಡಿ. ದೀಪ ಹಚ್ಚುತ್ತಿದ್ದೀರಿ, ಈಗ ಅಷ್ಟು ಸಾಕು. ದೀಪ ಹಚ್ಚಿ ಅಲ್ಲೇ ಐದು ನಿಮಿಷ ಕೂತು, ಅಂದು ಏನು ಅನಿಸುತ್ತದೋ ಅದನ್ನು ಏಕವಚನದಲ್ಲೇ ಕೇಳಿ. ‘ಯಾಕೆ ಹೀಗೆ ಮಾಡಿದೆ’ ಎನ್ನುವುದೂ ಪ್ರಾರ್ಥನೆಯೇ. ಹೀಗೆ ಕೇಳುತ್ತ ಕೇಳುತ್ತ ಮತ್ತೆ ಕೈ ಮುಗಿದವರನ್ನು ನೋಡಿದ್ದೇನೆ. ಪೂಜೆ ಪೂರ್ತಿ ಬಿಟ್ಟು, ಬೇರೆ ರೀತಿಯಲ್ಲಿ ನೆಮ್ಮದಿ ಕಂಡುಕೊಂಡವರನ್ನೂ ನೋಡಿದ್ದೇನೆ. ನೀವು ಯಾವ ಕಡೆ ಹೋಗುತ್ತೀರಿ ಎನ್ನುವುದನ್ನು ಈಗಲೇ ತೀರ್ಮಾನಿಸಬೇಕಾಗಿಲ್ಲ.

‘ಭಕ್ತಿಯೇ ಸುಳ್ಳಾಗಿತ್ತೇ’ ಎಂದು ಕೇಳಿದ್ದೀರಿ. ಭಕ್ತಿ ಸುಳ್ಳಾಗಿರಲಿಲ್ಲ, ಆದರೆ ಭಯದಲ್ಲಿ ಅದು ಒಪ್ಪಂದದ ರೂಪ ತಾಳಿತ್ತು. ನಾನು ಇಷ್ಟು ವಾರ ಉಪವಾಸವಿರುತ್ತೇನೆ, ನೀನು ಇವರನ್ನು ಉಳಿಸಿಕೊಡು. ಪ್ರಾಣಭಯದಲ್ಲಿ ಎಲ್ಲರೂ ಇದನ್ನೇ ಮಾಡುತ್ತಾರೆ, ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಈಗ ಮುರಿದು ಬಿದ್ದಿರುವುದು ಆ ಒಪ್ಪಂದ. ಅದಕ್ಕೂ ಮೊದಲು ನಿಮಗೂ ದೇವರಿಗೂ ಏನೋ ಒಂದು ಇತ್ತಲ್ಲ, ಯಾವ ಬೇಡಿಕೆಯೂ ಇಲ್ಲದ ದಿನಗಳಲ್ಲಿ ಜಗಲಿಯ ಮುಂದೆ ಕೂತಾಗ ಸಿಗುತ್ತಿದ್ದುದು, ಅದು ಇನ್ನೂ ಉಳಿದಿದೆಯೋ ಇಲ್ಲವೋ ಎನ್ನುವುದು ನಿಧಾನಕ್ಕೆ ಗೊತ್ತಾಗುತ್ತದೆ.

ಕಷ್ಟದಿಂದಲೇ ಮನುಷ್ಯ ಗಟ್ಟಿಯಾಗುತ್ತಾನೆ ಎನ್ನುವ ಮಾತಿಗೆ ಬರೋಣ. ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧದಿಂದಲೇ ಜನಕ್ಕೆ ಹೆಚ್ಚು ನೋವಾಗುವುದು. ಅಮೆರಿಕದ ನಾರ್ತ್ ಕೆರೊಲಿನಾದ ಟೆಡೆಸ್ಕಿ ಮತ್ತು ಕಲ್ಹೌನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ, ದೊಡ್ಡ ಆಘಾತ ಕಂಡವರಲ್ಲಿ ಕೆಲವರು ಮುಂದೆ ಹೇಗೆ ಬೆಳೆಯುತ್ತಾರೆ ಎಂದು ಅಧ್ಯಯನ ಮಾಡಿದರು. ಬಂಧುಗಳೊಡನೆ ಹತ್ತಿರವಾಗುವುದು, ಹೊಸ ದಾರಿಗಳು ಕಾಣುವುದು, ತನ್ನ ಶಕ್ತಿಯ ಅರಿವು, ಬದುಕಿನ ಬೆಲೆ ತಿಳಿಯುವುದು, ಆಧ್ಯಾತ್ಮಿಕ ಬದಲಾವಣೆ, ಹೀಗೆ ಐದು ಬಗೆಗಳನ್ನು ಗುರುತಿಸಿದರು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಇದು: ಅವರ ಪ್ರಕಾರ ಬೆಳೆಸುವುದು ಆಘಾತವಲ್ಲ, ಆಘಾತದ ಜೊತೆ ಮನುಷ್ಯ ನಡೆಸುವ ಗುದ್ದಾಟ. ಬೆಳವಣಿಗೆ ಬಂದರೆ ದುಃಖ ಹೋಗುತ್ತದೆ ಎಂದೂ ಅಲ್ಲ, ಎರಡೂ ಒಟ್ಟಿಗೇ ಇರುತ್ತವೆ. ಎಲ್ಲರೂ ಬೆಳೆಯುವುದಿಲ್ಲ, ಬೆಳೆಯಲೇಬೇಕು ಎನ್ನುವ ಕಡ್ಡಾಯವೂ ಇಲ್ಲ. ‘ನಾನು ಗಟ್ಟಿಯಾಗಿದ್ದೇನೆ’ ಎಂದು ಜನ ಹೇಳುವುದರಲ್ಲಿ ಎಷ್ಟು ನಿಜ, ಎಷ್ಟು ಸಮಾಧಾನ ಎಂಬ ಚರ್ಚೆ ಸಂಶೋಧಕರಲ್ಲಿ ಇನ್ನೂ ನಡೆದಿದೆ. ಆದ್ದರಿಂದ 14 ತಿಂಗಳಿಗೆ ಗಟ್ಟಿಯಾಗಿಲ್ಲ ಎಂದು ಇನ್ನೊಂದು ತಪ್ಪನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ.

ದುಃಖಕ್ಕೆ ಐದು ಮೆಟ್ಟಿಲುಗಳಿವೆ, ಒಂದಾದ ಮೇಲೊಂದು ದಾಟಬೇಕು ಎಂಬುದನ್ನೂ ನೀವು ಕೇಳಿರಬಹುದು. ಮನೋವೈದ್ಯೆ ಎಲಿಜಬೆತ್ ಕುಬ್ಲರ್ ರಾಸ್ 1969ರಲ್ಲಿ ಅದನ್ನು ಬರೆದಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ನೋಡಿ. ಹಿಂದೆ ಉಳಿದವರ ದುಃಖ ಆ ಸಾಲಿನಲ್ಲಿ ನಡೆಯುವುದಿಲ್ಲ. ಒಂದು ವಾರ ಹಗುರಾಗಿದ್ದು, ಅವರ ಅಂಗಿ ಕೈಗೆ ಸಿಕ್ಕ ದಿನ ಮತ್ತೆ ಮೊದಲಿನ ಹಾಗೇ ಆಗುತ್ತದೆ. ಅದು ಹಿನ್ನಡೆಯಲ್ಲ.

ಹಾಗಾದರೆ ಕಷ್ಟದಲ್ಲಿ ನಂಬಿಕೆಯಿಂದ ಶಕ್ತಿ ಬರುವುದೇ ಸುಳ್ಳೇ? ಸುಳ್ಳಲ್ಲ. ಬಹಳ ಜನರಿಗೆ ಅದು ಸಿಗುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಆ ಶಕ್ತಿ ‘ಇದು ದೇವರ ಪರೀಕ್ಷೆ’ ಎಂಬಂಥ ವಿವರಣೆಗಳಿಂದ ಬಂದಿದ್ದನ್ನು ಕಂಡಿದ್ದು ಕಡಿಮೆ. ದಿನಕ್ಕೆ ಒಂದು ಕ್ರಮ ಸಿಗುವುದು, ನಾಲ್ಕು ಜನರ ನಡುವೆ ಕೂರುವುದು, ಗಂಟಲು ಬಿಟ್ಟು ಹಾಡುವುದು, ಇನ್ನೊಬ್ಬರಿಗೆ ಒಂದು ತುತ್ತು ಬಡಿಸುವುದು, ಇವುಗಳಿಂದ ಬಂದಿದೆ. ಕಾರ್ತಿಕದಲ್ಲಿ ಗುಡಿಗೆ ಎಣ್ಣೆ ಒಯ್ಯುವುದು, ದಾಸೋಹದಲ್ಲಿ ಕೂತು ರೊಟ್ಟಿ ಬಡಿಯುವುದು, ಇಂಥವು ಮನಸ್ಸಿಗೆ ಮಾಡುವ ಕೆಲಸವನ್ನು ನನ್ನ ಕೋಣೆಯಲ್ಲಿ ನಾನೊಬ್ಬಳೇ ಮಾಡಲಾರೆ.

ಇಲ್ಲೇ ನನಗೆ ನಿಜವಾದ ಸಂಕಟವಾಗುವುದು. ಗಂಡ ಸತ್ತ ಹೆಂಗಸಿಗೆ ಇವೆಲ್ಲ ಬೇಕಾದ ಹೊತ್ತಿನಲ್ಲೇ ನಮ್ಮ ಸಮಾಜ ಅವುಗಳನ್ನು ಕಿತ್ತುಕೊಳ್ಳುತ್ತದೆ. ಉಡಿ ತುಂಬುವ ಕಡೆ ಕರೆಯುವುದಿಲ್ಲ, ಆರತಿ ಎತ್ತಲು ಮುಂದೆ ಬಿಡುವುದಿಲ್ಲ, ಮದುವೆ ಮನೆಯಲ್ಲಿ ಹಿಂದಿನ ಸಾಲು. ನೀವು ಬರೆದಿಲ್ಲ, ಆದರೆ ಇದು ನಿಮಗೂ ಆಗುತ್ತಿರಬಹುದು. ಇದನ್ನು ಶಾಸ್ತ್ರ ಎಂದು ಒಪ್ಪಿಕೊಂಡು ಮೂಲೆ ಸೇರಬೇಡಿ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿಯೇ ನೇಮಿಸಿದರು. ನಿಮ್ಮ ಭಾಗದ ಊರುಗಳಲ್ಲಿ ಅಕ್ಕನ ಬಳಗಗಳಿವೆ, ವಚನ ಹಾಡುತ್ತಾರೆ, ಭಜನೆ ಮಾಡುತ್ತಾರೆ, ಗಂಡ ತೀರಿಕೊಂಡವರೂ ಬಹಳ ಮಂದಿ ಬರುತ್ತಾರೆ. ಅಲ್ಲಿ ನಿಮಗಿಂತ ಹತ್ತು ವರ್ಷ ಮೊದಲು ಇದೇ ದಾರಿಯಲ್ಲಿ ನಡೆದ ಒಬ್ಬರು ಸಿಕ್ಕರೆ, ಅವರ ಪಕ್ಕ ಕೂರಿ. ಹಾಡಲಾಗದಿದ್ದರೆ ಸುಮ್ಮನೆ ಕೂತು ಬನ್ನಿ.

ಶಾಂತಿ ಮಾಡಿಸುವ ಮಾತು. ಪೂಜೆ ಮಾಡಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅವರ ಹೆಸರಿನಲ್ಲಿ ಒಂದು ಅಭಿಷೇಕ ಮಾಡಿಸಿ, ಹತ್ತು ಜನಕ್ಕೆ ಊಟ ಹಾಕಿದರೆ ಮನಸ್ಸಿಗೆ ಹಿತವೆನಿಸುತ್ತದೆ ಎಂದಾದರೆ, ಕೈಲಾದಷ್ಟರಲ್ಲಿ ಮಾಡಿ. ಆದರೆ ‘ದೋಷ ಪರಿಹಾರ’ ಎಂದು 60,000 ಕೊಟ್ಟ ಕ್ಷಣವೇ ದೋಷ ಇತ್ತು, ಅದು ನಿಮ್ಮದೇ ಎಂದು ನೀವು ಸಹಿ ಹಾಕಿದ ಹಾಗೆ. ಮುಂದೆ ಮಗನಿಗೆ ಒಂದು ಜ್ವರ ಬಂದರೂ ಇನ್ನೊಂದು ಶಾಂತಿ ಎನ್ನುತ್ತಾರೆ, ಇದಕ್ಕೆ ಕೊನೆಯಿಲ್ಲ. ಪಂಚಾಂಗ, ಶಕುನಗಳನ್ನು ಪಕ್ಕಕ್ಕೆ ಸರಿಸಿದ ಶರಣರ ನಾಡು ನಿಮ್ಮದು. ಸಾಲ ಮಾಡಿಯಂತೂ ಖಂಡಿತ ಬೇಡ. ಆ ಹಣ ಮಗನ ಓದಿಗಿರಲಿ.

ಇನ್ನು ಮಾತ್ರೆ. ಇಲ್ಲಿ ನನ್ನ ಮಾತು ಸ್ವಲ್ಪ ಗಡುಸಾಗಿರುತ್ತದೆ. ಬೆಳಗಿನ ಜಾವದ ಎಚ್ಚರ, 9 ಕೆಜಿ ತೂಕ ಇಳಿದಿರುವುದು, ಬಿಡದ ತಪ್ಪಿತಸ್ಥ ಭಾವ, ಇವು ಮೂರೂ ಒಟ್ಟಿಗಿದ್ದಾಗ ನಾವು ಖಿನ್ನತೆಯನ್ನು ನೋಡಲೇಬೇಕು. ಆರು ತಿಂಗಳು ದಾಟಿದರೂ ದಿನದ ಬದುಕನ್ನೇ ನಿಲ್ಲಿಸಿಬಿಡುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆ ಕೂಡ ಈಗ ಚಿಕಿತ್ಸೆ ಬೇಕಾದ ಸ್ಥಿತಿ ಎಂದು ತನ್ನ ರೋಗಪಟ್ಟಿಯಲ್ಲಿ ಸೇರಿಸಿದೆ. ಎರಡರಲ್ಲಿ ಯಾವುದು, ಅಥವಾ ಎರಡೂ ಇವೆಯೇ ಎಂದು ಹೇಳಲು ನಿಮ್ಮನ್ನು ನೋಡಿ ಮಾತಾಡಿಸಬೇಕು. ಖಿನ್ನತೆಯ ಮಾತ್ರೆಗಳು ಕೆಲಸ ಶುರುಮಾಡಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ನಿಮಗೆ ಕೊಟ್ಟಿದ್ದು ಅವೇ ಆಗಿದ್ದರೆ, ನೀವು ಬಿಟ್ಟಿದ್ದು ಸರಿಯಾಗಿ ಆ ಹೊತ್ತಿಗೇ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ತಲೆನೋವು, ಚಡಪಡಿಕೆ ಇರಬಹುದು, ಬಹುತೇಕ ಜನರಲ್ಲಿ ಕಡಿಮೆಯಾಗುತ್ತದೆ. ಅವು ನಿದ್ದೆ ಮಾತ್ರೆಗಳಂತಲ್ಲ, ಚಟ ಹಿಡಿಸುವುದಿಲ್ಲ, ಆದರೆ ದಿಢೀರ್ ಬಿಟ್ಟರೆ ತಲೆಸುತ್ತು, ಸಿಡುಕು ಬರಬಹುದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ನೀವೇ ಮತ್ತೆ ಶುರುಮಾಡಬೇಡಿ, ಚೀಟಿಯ ಸಮೇತ ವೈದ್ಯರ ಹತ್ತಿರ ಹೋಗಿ. ಮಾತ್ರೆಯೊಂದೇ ಎಲ್ಲ ಮಾಡುವುದೂ ಇಲ್ಲ. ದುಃಖಕ್ಕೆ ಕೂತು ಮಾತಾಡುವ ಚಿಕಿತ್ಸೆಯೂ ಬೇಕು, ಅದನ್ನು ಕೇಳಿ ಪಡೆಯಿರಿ.

ಧ್ಯಾನ ಒಳ್ಳೆಯದೇ. ಆದರೆ ಇಂಥ ಸ್ಥಿತಿಯಲ್ಲಿ ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂತರೆ ಕೆಲವರಿಗೆ ಅದೇ ಯೋಚನೆ ಇನ್ನಷ್ಟು ಸುತ್ತಿಕೊಳ್ಳುತ್ತದೆ, ಆತಂಕ ಹೆಚ್ಚುತ್ತದೆ. ನಿಮಗೂ ಹಾಗಾಗಿದ್ದರೆ ನಿಮ್ಮ ಶ್ರದ್ಧೆಯಲ್ಲಿ ಕೊರತೆಯಿಲ್ಲ. ಸದ್ಯಕ್ಕೆ ಕಣ್ಣು ತೆರೆದೇ ಮಾಡುವಂಥದ್ದು ಸಾಕು: ಬಾಯಿಬಿಟ್ಟು ನಾಮಸ್ಮರಣೆ, ಸಂಜೆ ಗುಡಿಯವರೆಗೆ ನಡೆದು ಬರುವುದು.

ಇನ್ನೊಂದು ಪ್ರಶ್ನೆ ನಾನು ಕೇಳಲೇಬೇಕು. ‘ನಾನೂ ಅವರ ಹತ್ತಿರವೇ ಹೋಗಿಬಿಡಬೇಕು’ ಎಂದು ಅನಿಸುತ್ತದೆಯೇ? ಅನಿಸುವುದು ಪಾಪವಲ್ಲ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ ಬಹಳ ಜನರಿಗೆ ಅನಿಸುತ್ತದೆ. ಆದರೆ ಹೇಗೆ, ಯಾವಾಗ ಎಂದು ಮನಸ್ಸು ಲೆಕ್ಕ ಹಾಕಲು ಶುರುಮಾಡಿದ್ದರೆ ಇವತ್ತೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ. 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ. ಮೂರು ಗಂಟೆಗೆ ಎಚ್ಚರವಾದಾಗಲೂ ಮಾಡಬಹುದು.

ಮಗನ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಅವನಿಗೂ ಅಪ್ಪ ಹೋಗಿದ್ದಾರೆ. ಈ ವಯಸ್ಸಿನ ಗಂಡು ಹುಡುಗರು ಅಮ್ಮನ ಎದುರು ಅಳುವುದಿಲ್ಲ, ಅಮ್ಮ ಅವನ ಎದುರು ಅಳುವುದಿಲ್ಲ, ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಗಟ್ಟಿಯಾಗಿರುತ್ತಾರೆ. ಅವನ ಜೊತೆ ಅಪ್ಪನ ಹೆಸರು ಹಿಡಿದು ಮಾತಾಡಿ. ಅವನೂ ತನ್ನದೊಂದು ತಪ್ಪನ್ನು ಎಲ್ಲೋ ಬಚ್ಚಿಟ್ಟುಕೊಂಡಿರಬಹುದು, ಕೇಳಿ ನೋಡಿ.

ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ನಿಮ್ಮಲ್ಲಿ ಯಾವ ದಿನ ಬರುತ್ತಾರೆ ಎಂದು ಮೊದಲೇ ವಿಚಾರಿಸಿ, ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಹಳೆಯ ಚೀಟಿ, ಮಾತ್ರೆಯ ಪಟ್ಟಿ ಒಯ್ಯಿರಿ, ತೂಕ ಇಳಿದಿದ್ದನ್ನು ಹೇಳಿ. ಆ ಸೋಮವಾರದ ವಿಷಯವನ್ನೂ ಅವರಿಗೆ ಹೇಳಿ. ಬಾಯಲ್ಲಿ ಹೇಳಲು ಆಗದಿದ್ದರೆ ನನಗೆ ಬರೆದ ಪತ್ರವನ್ನೇ ಅವರ ಮುಂದಿಡಿ.